ಜೆಸ್ಸಿ ಉಳಿಸಿದ ಸಮಯ

ಮಂಗಲ್ಪಾಡಿಯ ಆ ವಾರ್ಡಿನಲ್ಲಿ ಯಾವ ಹೆಂಗಸಾದರೂ ‘ಪುರುಸೊತ್ತೇ ಸಿಗಲಿಲ್ಲ’ ಎಂದರೆ ಉಳಿದವರು ಜೆಸ್ಸಿಯ ಹೆಸರು ತೆಗೆಯುತ್ತಿದ್ದರು. ಹಾಸಿಗೆ ಹಿಡಿದ ಅತ್ತೆ, ಸ್ಕೂಲ್ ವ್ಯಾನ್ ಓಡಿಸುವ ಗಂಡ ರೇಮಂಡ್, ಪ್ಲಸ್ ಟು ಓದುವ ಮಗಳು ಮೆಲಿಶಾ, ಕುಂಬಳೆ ಬಳಿಯ ಅನಂತಪುರದ ಕೈಗಾರಿಕಾ ಎಸ್ಟೇಟಿನಲ್ಲಿ ತೆಂಗಿನೆಣ್ಣೆ ಪ್ಯಾಕ್ ಮಾಡುವ ಕೆಲಸ, ಮೇಲೆ ಕುಟುಂಬಶ್ರೀ ಮಹಿಳಾ ಸಂಘದ ಜವಾಬ್ದಾರಿ. ಇಷ್ಟಿದ್ದೂ ಆಕೆ ಎಲ್ಲಿಗೂ ತಡವಾಗಿ ಹೋದದ್ದಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಬ್ಯಾಗಿನಿಂದ ಪ್ಲಾಸ್ಟಿಕ್ ತೊಟ್ಟೆ ತೆಗೆದು ಬೆಳ್ಳುಳ್ಳಿ ಸುಲಿಯುತ್ತಾ ಕೂರುತ್ತಿದ್ದಳು.

ಮೊದಲಿನಿಂದ ಅವಳು ಹೀಗಿರಲಿಲ್ಲ. ತವರಿನಲ್ಲಿ ತಲೆ ಬಾಚಲು ಕೂತರೆ ಬಿಸಿಲು ಮೈಮೇಲೆ ಬರುವವರೆಗೂ ಏಳದ ಹುಡುಗಿ. ಮದುವೆಯಾಗಿ ಕೆಲವು ವರ್ಷಕ್ಕೆ ಅತ್ತೆ ಬಚ್ಚಲಿನಲ್ಲಿ ಬಿದ್ದು, ಮೈಯ ಒಂದು ಬದಿ ಸ್ವಾಧೀನ ತಪ್ಪಿತು. ಅಂದಿನಿಂದ ಜೆಸ್ಸಿ ಒಂದು ಕೆಲಸದ ಹೊಟ್ಟೆಯೊಳಗೆ ಇನ್ನೊಂದನ್ನು ತುರುಕುವುದನ್ನು ಕಲಿತಳು.

ಆದರೆ ಉಳಿಸಿದ ಸಮಯ ಅವಳ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಗ್ರೈಂಡರ್ ಬಂದು ಬೆಳಗ್ಗೆ ಸ್ವಲ್ಪ ಬಿಡುವಾಯಿತು ಎನ್ನುವಷ್ಟರಲ್ಲಿ ರೇಮಂಡನ ತಮ್ಮ ಲೆಸ್ಟರನ ಬುತ್ತಿಯೂ ಅವಳ ಪಾಲಿಗೆ ಬಂತು. ನೂಕುನುಗ್ಗಲು ತಪ್ಪಲಿ ಎಂದು ಬೇಗದ ಬಸ್ಸು ಹಿಡಿಯತೊಡಗಿದಳು. ಸೂಪರ್‌ವೈಸರ್ ಕಾರ್ಖಾನೆಯ ಬಾಗಿಲು ತೆರೆಯುವ ಕೀಲಿಕೈಯನ್ನೇ ಅವಳಿಗೆ ಕೊಟ್ಟುಬಿಟ್ಟ. ‘ಜೆಸ್ಸಿ ಮಾಡ್ತಾಳೆ’ ಎಂಬ ಮಾತಿಗೆ ಅವಳು ಒಂದು ಕಾಲದಲ್ಲಿ ಹಿಗ್ಗಿದ್ದಳು. ಈಗ ಅದು ಕಿವಿಗೆ ಬಿದ್ದರೆ ಹೊರಗಿನಿಂದ ಯಾರೋ ಬಾಗಿಲಿಗೆ ಚಿಲಕ ಹಾಕಿದಂತಾಗುತ್ತಿತ್ತು.

ವಾರ್ಡ್ ಮೆಂಬರ್ ಈಶ್ವರಿ ಒಂದು ದಿನ ಮನೆಗೇ ಬಂದಳು. “ಜೆಸ್ಸಿಯಕ್ಕಾ, ಸಮಯ ಹೊಂದಿಸುವುದು ಹೇಗೆ ಅಂತ ನಮ್ಮ ಹೆಂಗಸರಿಗೆ ನೀವೇ ಒಂದು ಕ್ಲಾಸ್ ಮಾಡಬೇಕು. ಹೊರಗಿನವರನ್ನು ಎಂತಕ್ಕೆ ಕರೆಯುವುದು?”

ಭಾನುವಾರ ಮಧ್ಯಾಹ್ನ ಅಂಗನವಾಡಿಯಲ್ಲಿ ಜೆಸ್ಸಿ ಮಾತಾಡಿದಳು. ಅಕ್ಕಿ ಯಾವಾಗ ನೆನೆಹಾಕುವುದು, ಯಾವ ಕೆಲಸವನ್ನು ಯಾವುದರ ಜೊತೆ ಸೇರಿಸುವುದು, ಎಲ್ಲವನ್ನೂ ಬಿಡಿಸಿ ಹೇಳಿದಳು. ಹೆಂಗಸರು ತಲೆದೂಗಿದರು. ಕೊನೆಗೆ, ಹಿಂದಿನ ಸಾಲಿನಲ್ಲಿದ್ದ ಬೀಡಿ ಕಟ್ಟುವ ಮುದುಕಿ ಅಕ್ಕು ಕೇಳಿದಳು: “ಅದೆಲ್ಲ ಸರಿ ಜೆಸ್ಸಿ ಬಾಯಮ್ಮ. ನೀವು ಸುಮ್ಮನೆ ಕೂರುವುದು ಯಾವಾಗ?”

ಅಕ್ಕು ತಮಾಷೆಗೆ ಕೇಳಿದ್ದಲ್ಲ. ಜೆಸ್ಸಿ ನೆನಪು ಮಾಡಿಕೊಳ್ಳಲು ನೋಡಿದಳು. ನಿನ್ನೆ, ಮೊನ್ನೆ, ಹಿಂದಿನ ವಾರ, ಕಳೆದ ಕ್ರಿಸ್ಮಸ್. ಎಲ್ಲಿ ಹುಡುಕಿದರೂ ಅವಳ ಕೈಯಲ್ಲಿ ಏನಾದರೊಂದು ಇರುತ್ತಿತ್ತು. “ಉಂಟು... ಇರ್ತದೆ” ಎಂದು ಏನೋ ಹೇಳಿ ಕುರ್ಚಿಯಲ್ಲಿ ಕೂತಳು.

ಈಶ್ವರಿ ಎದ್ದು ಚಪ್ಪಾಳೆ ತಟ್ಟಿಸಿದಳು. “ಭಾರೀ ಲಾಯ್ಕಾಯ್ತು. ಬರುವ ತಿಂಗಳ ಮೊದಲ ಭಾನುವಾರ ಪಂಚಾಯತು ಮಟ್ಟದಲ್ಲಿ ಇಡುವ, ಆಗಬಹುದಲ್ಲ?”

“ಆಗಲಿ” ಎಂದಳು ಜೆಸ್ಸಿ. ಆಮೇಲೇ ಅವಳಿಗೆ ತಾನು ಏನು ಹೇಳಿದೆನೆಂದು ತಿಳಿದದ್ದು.

ರಸ್ತೆಯವರೆಗೆ ಜೊತೆಗೆ ಬಂದ ಅಕ್ಕು, “ಆಗಲಿ ಅಂತ ಎಂತಕ್ಕೆ ಹೇಳಿದ್ದು?” ಎಂದಳು.

“ಬಾಯಿಗೆ ಅದೇ ಬರುವುದು.”

ಎರಡು ದಿನ ಅಕ್ಕು ಕೇಳಿದ್ದು ಅವಳನ್ನು ಬಿಡಲಿಲ್ಲ. ಮೂರನೆಯ ದಿನ ಪ್ಯಾಕಿಂಗ್ ಮೇಜಿನ ಬಳಿಯಿಂದಲೇ ಈಶ್ವರಿಗೆ ಫೋನ್ ಮಾಡಿ, ತನ್ನಿಂದ ಆಗುವುದಿಲ್ಲ ಎಂದಳು.

“ಹಾಗೆ ಹೇಳಿದರೆ ಹೇಗೆ ಅಕ್ಕ? ಸಮಯ ಹೊಂದಿಸಲಿಕ್ಕೆ ನಿಮಗೆ ಗೊತ್ತುಂಟಲ್ಲ.”

“ಗೊತ್ತುಂಟು. ಅದಕ್ಕೇ ಬರುವುದಿಲ್ಲ.”

ಸಂಜೆ ಮನೆಯಲ್ಲಿ ವಿಷಯ ಹೇಳಿದಳು. ರೇಮಂಡ್ ಕೆಟ್ಟವನಲ್ಲ. “ಒಳ್ಳೆಯದೇ ಆಯ್ತು” ಎಂದ. ಮರುಕ್ಷಣವೇ, “ಹಾಗಾದರೆ ಆ ಭಾನುವಾರ ನೀನು ಫ್ರೀ. ಲೆಸ್ಟರನವರನ್ನು ಊಟಕ್ಕೆ ಕರೆಯುವ” ಎಂದ.

ಆ ಭಾನುವಾರ ಪೂಜೆ ಮುಗಿಸಿ ಇಗರ್ಜಿಯಿಂದ ಹೊರಬಂದವಳು ಮನೆಯ ದಾರಿ ಹಿಡಿಯದೆ ಕಾಸರಗೋಡಿನ ಬಸ್ಸು ಹತ್ತಿದಳು. ಹೋಗಬೇಕಾದ ಜಾಗ ಯಾವುದೂ ಇರಲಿಲ್ಲ. ಮೆಲಿಶಾಳಿಗೆ ಫೋನಿನಲ್ಲಿ, “ಕೋಳಿ ಫ್ರಿಜ್ಜಿನಲ್ಲಿ ಉಂಟು, ಚಿಕ್ಕಪ್ಪನವರು ಬರುವ ಮೊದಲು ನೀನೂ ಡ್ಯಾಡಿಯೂ ಸೇರಿ ಮಾಡಿ” ಎಂದಳು. ಕಿಟಕಿಯ ಬದಿಯಲ್ಲಿ ಕೂತಳು. ಬೆರಳುಗಳು ತಾವಾಗಿ ಬ್ಯಾಗಿನ ಜಿಪ್ಪನ್ನು ತೆರೆದು ಮುಚ್ಚಿ ಮಾಡುತ್ತಿದ್ದವು. ಹೆದ್ದಾರಿಯ ಕೆಲಸ ನಡೆಯುತ್ತಿದ್ದ ಕಡೆ ಬಸ್ಸು ಧೂಳಿನಲ್ಲಿ ನಿಂತುಬಿಟ್ಟಿತು. ಸುಮ್ಮನಿರುವುದು ಇಷ್ಟು ಕಷ್ಟವೆಂದು ಅವಳು ಎಣಿಸಿರಲಿಲ್ಲ.

ಕುಂಬಳೆ ತಲುಪುವ ಮೊದಲೇ ರೇಮಂಡನ ಫೋನ್ ಬಂತು. “ಮಮ್ಮಿ ನೀರು ಕುಡಿಯುವುದಿಲ್ಲ ಮಾರಾಯ್ತಿ. ನಾನು ಕೊಟ್ಟರೆ ಮುಖ ತಿರುಗಿಸ್ತಾಳೆ. ನೀನು ಹೋದ ಮೇಲೆ ಒಂದು ಹನಿ ಇಲ್ಲ.”

ಕುಂಬಳೆಯಲ್ಲಿ ಇಳಿದು ಎದುರಿನ ಬಸ್ಸು ಹಿಡಿದಳು. ವಾಪಸ್ಸು ಬರುವಾಗ ಅವಳಿಗೆ ಸಿಟ್ಟು ಬಂದದ್ದು ಯಾರ ಮೇಲೆಂದು ಅವಳಿಗೇ ಗೊತ್ತಾಗಲಿಲ್ಲ. ಅತ್ತೆಯೂ ತನ್ನ ಹಾಗೆಯೇ, ಇದ್ದಲ್ಲಿಂದ ಏಳಲಾಗದವಳು.

ಅತ್ತೆ ಅವಳನ್ನು ಕಂಡದ್ದೇ ಬಾಯಿ ತೆರೆದಳು. ತಲೆಯನ್ನು ತೋಳಿನ ಮೇಲೆ ಸ್ವಲ್ಪ ಎತ್ತಿ, ಸರಿಯಿರುವ ಬದಿಗೆ ತಿರುಗಿಸಿ ಜೆಸ್ಸಿ ಎರಡು ಚಮಚ ನೀರು ಕೊಟ್ಟಳು. ರೇಮಂಡ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. “ನಿನ್ನ ಕೈಯೇ ಆಗಬೇಕು ಅವಳಿಗೆ” ಎಂದ.

“ನನ್ನ ಕೈ ಅಲ್ಲ. ತಲೆ ಎತ್ತಿ, ಈ ಬದಿಯಿಂದ ಕೊಡಬೇಕು. ಬನ್ನಿ, ಕೂತುಕೊಳ್ಳಿ.”

“ಈಗವಾ? ಕೋಳಿ ಒಲೆಯಲ್ಲಿ ಉಂಟು.”

“ಮೆಲಿಶಾ ನೋಡ್ತಾಳೆ.”

ಅವನು ಮಂಚದ ಅಂಚಿನಲ್ಲಿ ಕೂತು ತಾಯಿಯ ತಲೆಯನ್ನು ತೋಳಿನ ಮೇಲೆ ಇಟ್ಟುಕೊಂಡ. ಮೊದಲ ಚಮಚದ ನೀರು ಪೂರಾ ಕುತ್ತಿಗೆಗೆ ಇಳಿಯಿತು. ಒರೆಸುವ ಬಟ್ಟೆ ಜೆಸ್ಸಿಯ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ಅವಳು ಎರಡೂ ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದು ಕೂತಳು. ರೇಮಂಡ್ ಅವಳ ಮುಖ ನೋಡಿದ, ಕಾದ, ಆಮೇಲೆ ತಾನೇ ಬಟ್ಟೆ ತೆಗೆದುಕೊಂಡು ಒರೆಸಿದ. ಮುದುಕಿ ಮಗನನ್ನೇ ನೋಡುತ್ತಿದ್ದಳು. ಬಾಯಿ ಇನ್ನೂ ಬಿಗಿಯಾಗಿತ್ತು. ಅವನು ಇನ್ನೊಂದು ಚಮಚ ತುಂಬಿಸಿದ.