ಸಿದ್ದಯ್ಯ ನೋಡದೆ ಕೊಂಡ ಜೀಪು

ಹಳೇ ಗಾಡಿ ಕೊಳ್ಳುವವರೆಲ್ಲ ಒಂದು ಕಾಲದಲ್ಲಿ ಮೂಗೂರಿನ ಸಿದ್ದಯ್ಯನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಲಾರಿ ಓಡಿಸಿ ಹಣ್ಣಾದ ಡ್ರೈವರು. ಬಣ್ಣ, ಸೀಟು, ಟೇಪ್ ರೆಕಾರ್ಡರ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದು, ಟಾಪ್ ಗೇರಿಗೆ ಹಾಕಿ, ಕ್ಲಚ್ಚನ್ನು ಮೆಲ್ಲಗೆ ಬಿಡುತ್ತಿದ್ದ. ಎಂಜಿನ್ ಗಕ್ಕನೆ ನಿಂತರೆ ಕ್ಲಚ್ ಪ್ಲೇಟು ಗಟ್ಟಿ. ನಿಲ್ಲದೆ ಗುರುಗುಟ್ಟಿದರೆ, "ಇದು ಬ್ಯಾಡ ಕಣ್ಲಾ, ನಡಿ" ಎಂದು ಟವೆಲ್ ಕೊಡವಿ ಇಳಿಯುತ್ತಿದ್ದ. ಮಾರುವವನು ಮುಖ ಸಿಂಡರಿಸಿದರೆ ಇವನಿಗೇನು! ನನ್ನ ಮೆಕ್ಯಾನಿಕ್ ಶೆಡ್ಡು ಅವನ ಮನೆಯ ಪಕ್ಕದಲ್ಲೇ. ಅವನ ಮಾತನ್ನು ಒಮ್ಮೆಯಾದರೂ ಸುಳ್ಳು ಮಾಡಬೇಕೆಂಬ ನನ್ನ ಆಸೆ ಕೈಗೂಡಲೇ ಇಲ್ಲ.

ಇಂಥವನು ತನಗೆಂದು ಕೊಂಡ ಒಂದೇ ಒಂದು ಗಾಡಿಯನ್ನು ನೋಡದೆ ಕೊಂಡ.

ಅದು ಅವನ ಬಾಮೈದ, ಬಿಳಿಗೆರೆಯ ಮಹೇಂದ್ರನ ಜೀಪು. ನಾಲ್ಕೂ ಚಕ್ರಕ್ಕೆ ಎಳೆತವಿದ್ದದ್ದು. ಮಹೇಂದ್ರ ಅದರ ಎಂಜಿನ್ನಿಗೆ ಏನೇನೋ ಕೂಡಿಸಿ, ಕೆಸರಿನ ರ‍್ಯಾಲಿಗಳಲ್ಲಿ ಓಡಿಸಿ ಮೆರೆದಿದ್ದ. ಯಾವುದೋ ಮದುವೆಯಲ್ಲಿ ಮಾತಿಗೆ ಮಾತು ಬೆಳೆದು ಸಿದ್ದಯ್ಯನ ಹೆಂಡತಿ ರಾಮಮ್ಮನಿಗೆ ವರ್ಷಗಟ್ಟಲೆ ತವರು ತಪ್ಪಿಹೋಗಿತ್ತು. ತೊಂಬತ್ತೆಂಟರ ಗೌರಿಹಬ್ಬಕ್ಕೆ ತಮ್ಮ ಮಹೇಂದ್ರ ತಾನಾಗಿಯೇ ಬಾಗಿನ ತಂದ. ಆ ಜೀಪಿನಲ್ಲೇ ಬಂದವನು, "ಬಾವ, ಇದನ್ನ ನೀವೇ ಮಡಿಕಳಿ. ಹೊರಗ್ನೋರಿಗೆ ಕೊಡಕ್ಕೆ ಮನಸಿಲ್ಲ" ಎಂದ. ರಾಮಮ್ಮ ಅವತ್ತು ಅತ್ತದ್ದೂ ನಕ್ಕದ್ದೂ ಒಟ್ಟಿಗೇ.

ನಾನು ಸಿದ್ದಯ್ಯನ ಕಿವಿಯಲ್ಲಿ ಹೇಳಿದೆ: "ಅಣ್ಣ, ಒಂದ್ಸಲ ಟಾಪಿಗಾಕಿ ನೋಡು. ರ‍್ಯಾಲಿ ಓಡ್ಸಿರ ಗಾಡಿ."

"ಸುಮ್ಕಿರ್ಲಾ ಮಾದು. ಬಾಗಿನ ತಂದೋನ್ ಮುಂದೆ ಕ್ಲಚ್ ನೋಡಕಾದದಾ? ಮೊರದಲ್ಲಿರ ಅಕ್ಕೀಲಿ ಕಲ್ಲು ಆಯ್ದಂಗಾಯ್ತದೆ" ಎಂದವನು ಮಹೇಂದ್ರ ಕೇಳಿದಷ್ಟು ದುಡ್ಡು ಎಣಿಸಿ ಕೊಟ್ಟ.

ತಿಂಗಳು ಕಳೆದಿರಲಿಲ್ಲ, ಬಿಳಿಗೆರೆಯಿಂದ ಸುದ್ದಿ ಬಂತು. ರಾಮಮ್ಮನ ಅವ್ವನಿಗೆ ಉಸಿರು ಕಟ್ಟುತ್ತಿದೆ, ಮಗಳ ಹೆಸರೇ ಹಿಡಿದಿದ್ದಾಳೆ. ಹಿಂದಿನ ದಿನವೆಲ್ಲ ಮಳೆ ಸುರಿದಿತ್ತು. ಕೆಸರಿನ ದಾರಿ ಎಂದು ಸಿದ್ದಯ್ಯ ನನ್ನನ್ನೂ ಕೂರಿಸಿಕೊಂಡ. ಸಪಾಟು ರಸ್ತೆಯಲ್ಲಿ ಜೀಪು ಚೆನ್ನಾಗಿಯೇ ಓಡಿತು. ಬಿಳಿಗೆರೆಯ ಹತ್ತಿರ ನಾಲೆಯ ಏರಿ ಹತ್ತಬೇಕಾಯಿತು. ನಾಲ್ಕೂ ಚಕ್ರಕ್ಕೆ ಎಳೆತ ಕೊಟ್ಟು ಆಕ್ಸಿಲರೇಟರ್ ತುಳಿದ. ಎಂಜಿನ್ ಅರಚಿತು, ಚಕ್ರ ಮಿಸುಕಲಿಲ್ಲ. ಪ್ಲೇಟು ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಇನ್ನೊಮ್ಮೆ ತುಳಿದಾಗ ಗೇರ್‌ಬಾಕ್ಸಿನೊಳಗೆ ಕರಕರ ಸದ್ದಾಗಿ ಎಲ್ಲ ನಿಂತುಹೋಯಿತು. ರಾಮಮ್ಮ ಇಳಿದು ಆ ಕೆಸರಿನಲ್ಲಿ ಬಿದ್ದು ಎದ್ದು ಓಡಿದಳು. ನಾವು ಹಿಂದೆ ಓಡಿದೆವು.

ಅವ್ವನ ಬಾಯಿಗೆ ಬೇರೆಯವರು ನೀರು ಬಿಟ್ಟಾಗಿತ್ತು.

"ಯಾಕ್ ಬಾವ ಇಷ್ಟೊತ್ತು? ಕೊನೇವರ‍್ಗೂ ಅಕ್ಕನ್ನೇ ಕೇಳ್ತಿದ್ಲು" ಎಂದು ಮಹೇಂದ್ರ ಅತ್ತ. ನಾನು ಬಾಯಿ ತೆರೆದೆ. ಸಿದ್ದಯ್ಯ ನನ್ನ ಕೈ ಅದುಮಿದ. "ನಾನೇ ಕೆಡುಸ್ದೆ ಕಣಪ್ಪ. ದಿನಾ ಕ್ಲಚ್ ಮ್ಯಾಲೆ ಕಾಲು ಮಡಿಕಂಡೇ ಓಡ್ಸಿ ಸುಟ್ಟಾಕ್ದೆ" ಎಂದ. ರಾಮಮ್ಮ ತಲೆ ಎತ್ತಿ ಗಂಡನನ್ನು ನೋಡಿದ ನೋಟ ನನಗೆ ಇವತ್ತಿಗೂ ಮರೆತಿಲ್ಲ.

ಆಮೇಲೆ ಶೆಡ್ಡಿನಲ್ಲಿ ಬಿಚ್ಚಿ ನೋಡಿದೆ. ಪ್ಲೇಟು ರಿವೆಟ್ಟಿನವರೆಗೆ ಸವೆದಿತ್ತು, ಗೇರಿನ ಹಲ್ಲುಗಳು ಯಾವತ್ತೋ ಮುಕ್ಕಾಗಿದ್ದವು. ಅದು ಒಂದು ತಿಂಗಳ ಕೆಲಸವಲ್ಲ. "ಇದನ್ನ ಅತ್ತಿಗೆಗೆ ತೋರ‍್ಸಾಣ ಅಣ್ಣ" ಎಂದೆ.

"ಅವ್ವ ಓಗ್ಬುಟ್ಲು. ಅವ್ಳಿಗೆ ತವರು ಅಂತ ಉಳ್ದಿರೋನು ಅವ್ನೊಬ್ನೇ. ಅವ್ನನ್ನೂ ಕಳೀಲಾ? ನೋಡ್ದೆ ತಗಂಡೋನು ನಾನು."

ನನಗೆ ಅವನ ಮೇಲೆ ಕೋಪ ಬಂತು, ಈಗಲೂ ಇದೆ. ಡ್ರೈವರೇ ಕ್ಲಚ್ ಸುಟ್ಟನಂತೆ ಎಂಬ ಮಾತು ನಂಜನಗೂಡಿನವರೆಗೂ ಹಬ್ಬಿತು. ಗಾಡಿ ನೋಡಲು ಅವನನ್ನು ಕರೆಯುವವರು ಒಬ್ಬೊಬ್ಬರಾಗಿ ನಿಂತರು. ರಾಮಮ್ಮ ಹೊತ್ತುಹೊತ್ತಿಗೆ ತಟ್ಟೆ ಇಡುತ್ತಿದ್ದಳು, ಬೇಕಾದಷ್ಟೇ ಮಾತಾಡುತ್ತಿದ್ದಳು. ಹಬ್ಬಕ್ಕೆ ಬಾಗಿನ ಮಾತ್ರ ತಪ್ಪದೆ ಬರುತ್ತಿತ್ತು.

ಎರಡು ಸಾವಿರದ ಏಳರಲ್ಲಿ ಮಹೇಂದ್ರ ಟಿ. ನರಸೀಪುರದಲ್ಲಿ ಹಳೇ ಗಾಡಿಯೊಂದನ್ನು ನೋಡಲು ನನ್ನನ್ನು ಕರೆಯಲು ಬಂದ. ಜಗಲಿಯ ಮೇಲೆ ಕೂತಿದ್ದ ಸಿದ್ದಯ್ಯನನ್ನು ಕಂಡು ಉಪಚಾರಕ್ಕೆ, "ಬಾವನೂ ಬರ‍್ಲಿ" ಎಂದ.

ರಾಮಮ್ಮ ಒಳಗಿಂದಲೇ ಹೇಳಿದಳು: "ಅವ್ರ್ಯಾಕಪ್ಪ? ಕ್ಲಚ್ ತುಳಿಯಕ್ಕೆ ಬರ್ದೆ ಅವ್ವನ ಮೊಕ ತಪ್ಪಿಸ್ದೋರು. ಗೊತ್ತಿರೋರ‍್ನ ಕರ‍್ಕೊಂಡೋಗು."

ನಾನು ಚಪ್ಪಲಿ ಮೆಟ್ಟುತ್ತಾ ನಿಂತೆ. ಸಿದ್ದಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಓಗ್ಬುಟ್ಟು ಬಾ ಮಾದು" ಎಂದ. "ಟಾಪಿಗಾಕಿ ನೋಡದ ಮರೀಬ್ಯಾಡ."