ವೈನಿಗೆ ಕೊಟ್ಟ ಎದೆಯುರಿಯ ಪುಡಿ

ಕೊರೊನಾ ಮುಗಿದು ಶಾಲೆಗಳು ಮೊದಲಿನಂತೆ ನಡೆಯತೊಡಗಿದ ವರ್ಷ ನಡೆದದ್ದು ಇದು. ನಾನು ಧಾರವಾಡದ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ನನ್ನ ಅಣ್ಣ, ವೈನಿ ಇರುವುದು ಗರಗದಲ್ಲಿ. ವೈನಿ ಅಲ್ಲಿ ಖಾದಿ ನೂಲುವ ಕೆಲಸಕ್ಕೆ ಹೋಗುತ್ತಾರೆ. ನನಗೆ ಎಂಟು ವರ್ಷವಿದ್ದಾಗ ಅಣ್ಣನನ್ನು ಮದುವೆಯಾಗಿ ನಮ್ಮ ಮನೆಗೆ ಬಂದವರು. ನನಗೆ ಹೆರಳು ಹಾಕಿ ಶಾಲೆಗೆ ಕಳಿಸುತ್ತಿದ್ದವರು ಅವರೇ. ಅವ್ವ ತೀರಿಕೊಂಡ ಮೇಲಂತೂ ನನಗೆ ತವರೆಂದರೆ ವೈನಿ.

ನನಗೆ ಮನೆಮದ್ದಿನ ಹುಚ್ಚು ಮೊದಲಿನಿಂದಲೂ ಇದೆ. ಜೀರಿಗೆ, ಕೊತ್ತಂಬರಿ ಕಾಳು, ಬಡೇಸೋಪು ಬೆಚ್ಚಗೆ ಹುರಿದು, ಕಲ್ಲುಸಕ್ಕರೆ ಸೇರಿಸಿ ಪುಡಿ ಮಾಡಿ ಇಟ್ಟಿರುತ್ತೇನೆ. ಎದೆಯುರಿ, ಹುಳಿತೇಗು ಎಂದು ಯಾರೇ ಬಂದರೂ ಒಂದು ಚಮಚ ನೀರಲ್ಲಿ ಕದಡಿ ಕೊಡುತ್ತಿದ್ದೆ. ಶಾಲೆಯಲ್ಲಿ ಹೆಡ್‌ಮಾಸ್ತರರಿಂದ ಹಿಡಿದು ಬಿಸಿಯೂಟದ ಅಡುಗೆಯವರವರೆಗೆ ಎಲ್ಲರೂ ಅದನ್ನು ಕುಡಿದವರೇ. "ಟೀಚರ್ ಪುಡಿ ಭಾಳ ಛಲೋ ನೋಡ್ರಿ" ಎಂದು ಅವರು ಹೇಳಿದಾಗ ನನಗೆ ಒಳಗೊಳಗೇ ಹೆಮ್ಮೆ.

ಆ ವರ್ಷ ಸಂಕ್ರಾಂತಿಗೆ ಗರಗಕ್ಕೆ ಹೋದಾಗ ವೈನಿ ಊಟ ಮಾಡಿ ಎದ್ದವರೇ ಎದೆ ನೀವಿಕೊಂಡರು.

"ಉಂಡದ್ದೆಲ್ಲಾ ಗಂಟಲಕ್ಕ ಬಂದಂಗ ಆಕೈತಿ ಸುಮಾ. ಎದಿ ಉರೀತೈತಿ" ಎಂದರು.

"ಖಾರಾ ಕಡಿಮಿ ಮಾಡ್ರಿ ವೈನಿ. ಬರೇ ಹೊಟ್ಟೀಲೆ ಚಾ ಕುಡಿಯೋದು ಬಿಡ್ರಿ" ಎಂದು ಹೇಳಿ ನನ್ನ ಪುಡಿ ಕೊಟ್ಟು ಬಂದೆ. ನಾಲ್ಕು ದಿನಕ್ಕೆ ಫೋನ್ ಮಾಡಿದರು. "ಆರಾಮ ಆತು ನೋಡು" ಎಂದರು. ಅಲ್ಲಿಂದ ಮುಂದೆ ಅಣ್ಣ ಧಾರವಾಡಕ್ಕೆ ಬಂದಾಗಲೆಲ್ಲ ಒಂದು ಡಬ್ಬಿ ಪುಡಿ ಕಟ್ಟಿ ಕಳಿಸುತ್ತಿದ್ದೆ.

ಶ್ರಾವಣದಲ್ಲಿ ಒಂದು ದಿನ ಅಣ್ಣ ಬಂದವನು, "ನಿಮ್ಮ ವೈನಿ ರೊಟ್ಟಿ ತಿನ್ನೋದು ಬಿಟ್ಟಾಳ. ಎದ್ಯಾಗ ಸಿಕ್ಕೊಂಡು ನಿಂದರತೈತಿ ಅಂತಾಳ. ದವಾಖಾನಿಗೆ ತೋರಸೋಣೇನು?" ಎಂದು ಕೇಳಿದ.

ನಾನು ಪೇಪರ್ ತಿದ್ದುತ್ತ ಕುಳಿತಿದ್ದೆ. ತಲೆ ಎತ್ತದೆಯೇ, "ಪಿತ್ತ ಹೆಚ್ಚಾಗಿರತೈತಿ ಅಣ್ಣಾ. ಪುಡಿ ದಿನಕ್ಕ ಮೂರು ಸಲ ತೊಗೊಳ್ಳಾಕ ಹೇಳು" ಎಂದೆ. ಅಣ್ಣ ಹಾಗೆಯೇ ಹೇಳಿದ. ಅವನು ಮತ್ತೊಮ್ಮೆ ದವಾಖಾನೆಯ ಮಾತು ತೆಗೆದಾಗ ವೈನಿ, "ಸುಮಾ ಹೇಳ್ಯಾಳಲ್ಲ, ಇನ್ನೇನು ಬೇಕು?" ಎಂದರಂತೆ. ಇದು ನನಗೆ ಗೊತ್ತಾದದ್ದು ಆಮೇಲೆ.

ದಸರೆ ರಜೆಗೆ ಗರಗಕ್ಕೆ ಹೋದಾಗ ವೈನಿಯನ್ನು ನೋಡಿ ಗಾಬರಿಯಾಯಿತು. ಕುಪ್ಪಸ ಹೆಗಲಿನಿಂದ ಜಾರುತ್ತಿತ್ತು. ಅನ್ನವನ್ನು ಮಜ್ಜಿಗೆಯಲ್ಲಿ ಕಿವುಚಿಕೊಂಡು, ಒಂದೊಂದು ತುತ್ತಿಗೂ ನೀರು ಕುಡಿಯುತ್ತಿದ್ದರು. ಮೂರನೆಯ ತುತ್ತಿಗೆ ಎದೆ ಹಿಡಿದುಕೊಂಡು ಹಿತ್ತಿಲಿಗೆ ಓಡಿದರು. ನಾನು ಬೆನ್ನು ಸವರುತ್ತ ನಿಂತೆ. ಕೈಗೆ ಬರೀ ಎಲುಬು ಸಿಗುತ್ತಿತ್ತು.

ಮರುದಿನ ಬೆಳಿಗ್ಗೆ ಧಾರವಾಡದ ಹತ್ತಿರದ ಸತ್ತೂರಿನ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆವು. ಬಾಯಿಂದ ನಳಿಕೆ ಇಳಿಸಿ ನೋಡಿದರು. ಹೊಟ್ಟೆಯ ಆಮ್ಲ ಮೇಲೆ ಬಂದು ಬಂದು ಅನ್ನನಾಳದಲ್ಲಿ ಗಾಯವಾಗಿ, ಅದು ಮಾಯುತ್ತ ಮಾಯುತ್ತ ದಾರಿಯೇ ಕಿರಿದಾಗಿತ್ತು. ಒಂದು ಚೂರು ತೆಗೆದು ಪರೀಕ್ಷೆಗೂ ಕಳಿಸಿದರು.

ಡಾಕ್ಟರಮ್ಮ ವೈನಿಯನ್ನು ಎದುರಿಗೆ ಕೂರಿಸಿಕೊಂಡು, "ಎಷ್ಟು ದಿನಾ ಆತ್ರಿ ಇದು?" ಎಂದು ಕೇಳಿದರು.

"ಒಂಬತ್ತು ತಿಂಗಳಾತ್ರಿ."

"ಇಷ್ಟು ದಿನಾ ಏನು ತೊಗೊಂಡ್ರಿ?"

"ಜೀರಗಿ ಪುಡಿರಿ."

"ಯಾರು ಕೊಟ್ಟಿದ್ರು?"

ನಾನು ಅವರ ಕುರ್ಚಿಯ ಪಕ್ಕದಲ್ಲೇ ನಿಂತಿದ್ದೆ. ವೈನಿ ನನ್ನ ಕಡೆ ನೋಡಲೇ ಇಲ್ಲ.

"ಯಾರೂ ಕೊಟ್ಟಿಲ್ರಿ. ನಾನ ಮಾಡ್ಕೊಂಡೆ" ಎಂದರು.

"ಪುಡಿ ಕುಡದಿದ್ದು ತಪ್ಪಲ್ರಿ. ನುಂಗಾಕ ತ್ರಾಸ ಆದಮ್ಯಾಲೂ ಅದನ್ನ ನಂಬಿ ಕುಂತ್ರಲ್ಲ, ಅದು ತಪ್ಪು. ಮೊದಲ ಬಂದಿದ್ರ ಗುಳಗೀಲೆ ಕಡಿಮಿ ಆಗ್ತಿತ್ತು. ಅಷ್ಟೂ ತಿಳಿಯೂದಿಲ್ಲೇನು ನಿಮಗ?" ಎಂದು ಡಾಕ್ಟರಮ್ಮ ಗದರಿದರು. ವೈನಿ ತಲೆ ತಗ್ಗಿಸಿ ಕೇಳಿಸಿಕೊಂಡರು. ತಪ್ಪು ಮಾಡಿದರೆ ಒಪ್ಪಿಕೊಳ್ಳಬೇಕು ಎಂದು ದಿನಾ ಮಕ್ಕಳಿಗೆ ಹೇಳುವ ನಾನು, ಫೈಲು ಎದೆಗೆ ಒತ್ತಿಕೊಂಡು ಸುಮ್ಮನೆ ನಿಂತಿದ್ದೆ.

ಪರೀಕ್ಷೆಯ ವರದಿ ಬರುವವರೆಗೆ ನಾನು ಸರಿಯಾಗಿ ಊಟ ಮಾಡಲಿಲ್ಲ. ದೇವರು ದೊಡ್ಡವನು, ಕೆಟ್ಟದ್ದೇನೂ ಇರಲಿಲ್ಲ. ಆದರೆ ಆ ಕಿರಿದಾದ ದಾರಿಯನ್ನು ಮೂರು ಸಲ ಹಿಗ್ಗಿಸಬೇಕಾಯಿತು. ಮೂರೂ ಸಲ ಕರೆದುಕೊಂಡು ಹೋದವಳು ನಾನೇ. ಈಗ ವೈನಿ ದಿನಾ ಗುಳಿಗೆ ನುಂಗುತ್ತಾರೆ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಾರೆ. ಅವಸರ ಮಾಡಿದರೆ ಈಗಲೂ ತುತ್ತು ನಿಲ್ಲುತ್ತದೆ.

ಪುಡಿ ಮಾಡುವುದನ್ನು ನಾನು ಬಿಟ್ಟಿಲ್ಲ. ಯಾರಾದರೂ ಕೇಳಿದರೆ, ಎಷ್ಟು ದಿನದಿಂದ ಉರಿ, ನುಂಗಲು ತೊಂದರೆ ಇದೆಯೇ, ತೂಕ ಇಳಿದಿದೆಯೇ ಎಂದು ಮೊದಲು ಕೇಳುತ್ತೇನೆ. ಹೌದೆಂದವರಿಗೆ ಕೊಡುವುದಿಲ್ಲ, ದವಾಖಾನೆಗೆ ಹೋಗಿ ಎನ್ನುತ್ತೇನೆ. ಕೆಲವರು ಸಿಟ್ಟಾಗುತ್ತಾರೆ.

ಹೋದ ಬೇಸಿಗೆಯಲ್ಲಿ ಇಬ್ಬರೇ ಊಟಕ್ಕೆ ಕುಳಿತಿದ್ದಾಗ ಕೊನೆಗೂ ಕೇಳಿದೆ. "ವೈನಿ, ಅವತ್ತು ಡಾಕ್ಟರ್ ಮುಂದ ನನ್ನ ಹೆಸರು ಯಾಕ ಹೇಳಲಿಲ್ರಿ?"

ವೈನಿ ರೊಟ್ಟಿ ಮುರಿಯುತ್ತಲೇ, "ಹೇಳಿದ್ರ ನಿನಗ ಬೈತಿದ್ರು. ಮಂದಿ ಮುಂದ ಬೈಸ್ಕೊಂಡ್ರ ನಿನಗ ಎರಡು ದಿನಾ ಕೂಳು ಸೇರಂಗಿಲ್ಲ. ನನಗ ಗೊತ್ತಿಲ್ಲೇನು?" ಎಂದರು.

ಪುಡಿಯ ವಿಷಯದಲ್ಲಿ ಗೊತ್ತಿಲ್ಲದೆ ತಪ್ಪು ಮಾಡಿದೆ ಎಂದು ಹೇಗೋ ಸಮಾಧಾನ ಮಾಡಿಕೊಳ್ಳುತ್ತೇನೆ. ಆದರೆ ಆ ಕೋಣೆಯಲ್ಲಿ ಬಾಯಿ ಮುಚ್ಚಿ ನಿಂತದ್ದು ಗೊತ್ತಿದ್ದೇ ಮಾಡಿದ್ದು.