ಬೂಬಮ್ಮನ ಕಾಲ್ಬೆರಳಿನ ಗೆಜ್ಜೆ

ಇವತ್ತು ಬೆಳಿಗ್ಗೆ ಬೀದಿಯ ತಿರುವಿನಲ್ಲಿ ರೇಷ್ಮೆಗೂಡು ಬೇಯುವ ವಾಸನೆ ಬಂತು. ನೀವು ದೇವನಹಳ್ಳಿ ಕಡೆಯವರಾದರೆ ಅದನ್ನು ವರ್ಣಿಸಬೇಕಾಗಿಲ್ಲ. ಅಲ್ಲವಾದರೆ ಮೂಗು ಮುಚ್ಚಿಕೊಂಡು ನನ್ನ ಜೊತೆ ಬನ್ನಿ. ನಾನು ಆ ವಾಸನೆಯನ್ನೇ ಹುಡುಕಿಕೊಂಡು ಹೊರಟವಳು.

ಚಿಕ್ಕಂದಿನಿಂದ ನನಗೆ ದಿನಚರಿಯ ಚಟ. ಮಳೆ ಬಂದದ್ದು, ಹಸು ಈದದ್ದು, ಯಾರ ಮನೆಗೆ ಎಷ್ಟು ನೆಂಟರು ಎಂಬುದು, ಹೀಗೆ ಯಾರಿಗೂ ಬೇಡದ್ದೆಲ್ಲ ಅದರಲ್ಲಿದೆ. ಯುದ್ಧದ ಕಾಲದ ಒಂದು ವರ್ಷ ಮಾತ್ರ ತಿಂಗಳುಗಟ್ಟಲೆ ಒಂದೇ ಸಾಲು: ‘ಗೆಜ್ಜೆ ಇಲ್ಲ.’

ಬೂಬಮ್ಮ ನಮ್ಮ ಎದುರು ಮನೆಯ ವಿಧವೆ. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ತೆಗೆದು ಚರಕಕ್ಕೆ ಸುತ್ತುವುದು ಅವಳ ಜೀವನ. ಪ್ಯಾರಾಚೂಟಿಗೆಂದು ರೇಷ್ಮೆಗೆ ಬೇಡಿಕೆ ಏರಿದ್ದಾಗಲೇ ಅವಳಿಗೆ ಬೆನ್ನುನೋವು ಹಿಡಿಯಿತು. ಬೆನ್ನಿಗೆ ಬರೆ ಹಾಕಿಸಿಕೊಂಡು ಮತ್ತೆ ಚರಕದ ಮುಂದೆ ಕೂತಳು. ಒಂದು ದಿನ ಏಳಹೋದರೆ ಕಾಲುಗಳು ಏಳಲಿಲ್ಲ.

ಬೆಂಗಳೂರಿನ ಡಾಕ್ಟರು ಬೆನ್ನುಮೂಳೆಗೆ ಕ್ಷಯ ತಗುಲಿ ಒಳಗಿನ ನರ ಅದುಮಿದೆ ಎಂದರು. ಔಷಧಿಯಿಲ್ಲ, ಹಲಗೆಯ ಮೇಲೆ ಅಲುಗದೆ ಮಲಗಿದ್ದರೆ ಕಾಲು ಬಂದರೂ ಬಂದೀತು. ಅವಳಿಗೆ ಕೆಮ್ಮಿಲ್ಲ, ಇದು ಹರಡದು ಎಂದೂ ಹೇಳಿದ್ದರು. ಆದರೆ ಕ್ಷಯ ಎಂಬ ಮಾತಿಗೇ ಬೀದಿಯ ಬಾಗಿಲುಗಳು ಮುಚ್ಚಿದವು. ಅಮ್ಮ ಗಂಜಿ ಕೊಟ್ಟು, “ಹೊಸ್ತಿಲಲ್ಲೇ ಇಟ್ಟು ಬಂದ್ಬಿಡು” ಎನ್ನುತ್ತಿದ್ದರು. ನಾನು ಒಳಗೇ ಹೋಗುತ್ತಿದ್ದೆ.

ತಲೆ ಎತ್ತುವಂತಿಲ್ಲವಾದ್ದರಿಂದ ಬೂಬಮ್ಮನಿಗೆ ತನ್ನ ಪಾದ ಕಾಣುತ್ತಿರಲಿಲ್ಲ, ಇದೆಯೆಂದು ಅನ್ನಿಸುತ್ತಲೂ ಇರಲಿಲ್ಲ. ಬೆರಳು ಅಲುಗಿದರೆ ಕಿವಿಗಾದರೂ ಗೊತ್ತಾಗಲೆಂದು ಅವಳೇ ಉಪಾಯ ಹುಡುಕಿದಳು. ರೇಷ್ಮೆ ಎಳೆಗಳನ್ನು ಹುರಿಮಾಡಿಸಿ, ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ, ಇನ್ನೊಂದನ್ನು ಮೇಕೆಯ ಕೊರಳಿನದೊಂದು ಗೆಜ್ಜೆಗೆ ನನ್ನಿಂದ ಕಟ್ಟಿಸಿ, ಗೆಜ್ಜೆಯನ್ನು ತನ್ನ ಕಣ್ಣಿಗೆ ಕಾಣುವಂತೆ ತೊಲೆಗೆ ತೂಗಿಸಿದಳು.

ಗೆಜ್ಜೆಯ ಗಂಟನ್ನು ಮಲಗಿದಲ್ಲಿಂದಲೇ ನೋಡಿ ಗದರಿದಳು: “ಇದೇನೇ ಗಂಟು? ಹಸು ಕಟ್ತೀಯೇನೆ? ಬಿಚ್ಚು, ಮತ್ತೆ ಕಟ್ಟು.”

ದಿನವೂ ಬೆಳಿಗ್ಗೆ ಕಣ್ಣುಮುಚ್ಚಿ ಹಲ್ಲುಕಚ್ಚಿ ಬೆರಳನ್ನು ಕರೆಯುವಳು. ಗೆಜ್ಜೆ ಸುಮ್ಮನಿರುತ್ತಿತ್ತು, ನಾನು ದಿನಚರಿಯಲ್ಲಿ ಅದನ್ನೇ ಬರೆಯುತ್ತಿದ್ದೆ. ಒಮ್ಮೆ ಘಲ್ ಎಂದಿತು! ನಾನು ಓಡಿ ಬೀದಿಗೆಲ್ಲ ಸಾರಿ ಬಂದು ನೋಡಿದರೆ, ಕೋಳಿಯ ಕಾಲಿಗೆ ದಾರ ಸಿಕ್ಕಿಕೊಂಡಿತ್ತು. ಬೂಬಮ್ಮ ಮಲಗಿದಲ್ಲೇ ನಕ್ಕಳು. “ಹೋಗ್ಲಿ ಬಿಡೆ, ಕೋಳೀಗಾದ್ರೂ ಕಾಲು ಬಂತಲ್ಲ!”

ಮಳೆಗಾಲ ಮುಗಿದ ಮೇಲೆ ಅವಳ ಅಣ್ಣ ಗಾಡಿ ಕಟ್ಟಿಕೊಂಡು ಬಂದ. ಮನೆ ಖಾಲಿ ಮಾಡಿಸಿ ತನ್ನ ಊರಿಗೆ ಕರೆದೊಯ್ಯುತ್ತಾನಂತೆ. ಆ ಕೊರಕಲು ದಾರಿಯಲ್ಲಿ ಗಾಡಿ ಕುಲುಕಿದರೆ ಬೆನ್ನು ಉಳಿಯದು. ಜಗಳವೆಲ್ಲ ಅವರ ಮನೆಮಾತು ಉರ್ದುವಿನಲ್ಲೇ ನಡೆಯಿತು. ಕೊನೆಯದನ್ನು ಮಾತ್ರ, ನನಗೂ ಕೇಳಿಸಲೆಂದೋ ಏನೋ, ಕನ್ನಡದಲ್ಲಿ ಹೇಳಿದಳು: “ನಿನ್ನ ಮನೇಗೆ ಬರ್ತೀನಿ ಅಣ್ಣಾ, ನಡ್ಕೊಂಡು ಬರ್ತೀನಿ. ಅಲ್ಲೀವರೆಗೂ ಈ ಹಲಗೆ ಬಿಡಲ್ಲ.” ಅವನು ಸಿಟ್ಟಿನಿಂದ ಹೊರಟುಹೋದ, ಮಾರನೆಯ ವಾರ ರಾಗಿ ಕಳಿಸಿದ.

ಚಳಿ ಬಿಡುವ ಹೊತ್ತಿಗೆ, ಒಂದು ಬೆಳಿಗ್ಗೆ, ಗೆಜ್ಜೆ ಸಣ್ಣಗೆ ಸದ್ದು ಮಾಡಿತು. ನಾನು ಮೊದಲು ಕೋಳಿಯನ್ನು ಹುಡುಕಿದೆ. ಅದು ಬುಟ್ಟಿಯ ಕೆಳಗಿತ್ತು.

“ಇನ್ನೊಂದ್ಸಲ ಮಾಡ್ಲಾ?” ಎಂದಳು ಬೂಬಮ್ಮ.

ಯುದ್ಧ ಮುಗಿದು ಕೆಲವು ವರ್ಷಗಳಾಗಿವೆ. ಈಗ ನಮ್ಮ ಹಿಂದಿನ ಬೀದಿಯಲ್ಲಿ ಕಲ್ಲು ಒಡೆಯುವವನ ಹೆಂಡತಿ ಹಾಗೇ ಹಲಗೆಯ ಮೇಲಿದ್ದಾಳೆ. ಕ್ಷಯಕ್ಕೆ ಹೊಸದೊಂದು ಸೂಜಿಮದ್ದು ಬಂದಿದೆಯಂತೆ. ಅಂಥವರ ಮನೆಯವರೆಗೆ ಇನ್ನೂ ಬಂದಿಲ್ಲ. ಅದಕ್ಕೇ ನಾನು ಇವತ್ತು ಬೂಬಮ್ಮನ ಬಳಿ ದಾರ ಕೇಳಲು ಹೋದದ್ದು. ಅವಳು ಚರಕ ನಿಲ್ಲಿಸಿ, ಎಳೆ ಹುರಿಮಾಡಿ, ಗೆಜ್ಜೆಯನ್ನು ಸೆರಗಿಗೆ ಕಟ್ಟಿಕೊಂಡು ಎದ್ದಳು.

“ಕೊಡು ಬೂಬಮ್ಮ, ನಾನು ಕಟ್ತೀನಿ.”

“ನಿನ್ನ ಗಂಟು ನೋಡಿದೀನಿ, ನಡಿ.”

ಎಡಗಾಲನ್ನು ತುಸು ಎಳೆಯುತ್ತಾ ಅವಳು ಮುಂದೆ ನಡೆದಳು. ಸೆರಗಿನ ಗೆಜ್ಜೆ ಹೆಜ್ಜೆಹೆಜ್ಜೆಗೂ ಘಲ್ಲೆನ್ನುತ್ತಿತ್ತು.